ಕುಪ್ಪಸ, ಕುಬಸ, ಕುಪ್ಯ: ಹಳೆಯ ಉಡುಪಿನ ಹೆಸರೊಂದರ ಜಾಡು ಹಿಡಿಯುವ ಬಗೆ

ಧಾರವಾಡ, ಗದಗ, ಬಾಗಲಕೋಟೆಯ ಕಡೆಯ ಮನೆಯೊಂದರಿಂದ "ಬರೋ ಶುಕ್ರವಾರ ನಮ್ಮ ಮಗಳ ಕುಬಸ ಐತಿ, ಮನೀ ಮಂದಿಯೆಲ್ಲ ಬರ್ರಿ" ಎಂಬ ಕರೆ ಬಂದರೆ ಅಲ್ಲಿಯವರಿಗೆ ಅದರಲ್ಲಿ ಸೋಜಿಗವೇನೂ ಇಲ್ಲ. ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಕಣ (ರವಿಕೆಗೆ ಬೇಕಾಗುವ ಬಟ್ಟೆಯ ತುಂಡು) ತಂದು ಉಡಿ ತುಂಬುವ ಶುಭಕಾರ್ಯ ಅದು. ಅದೇ ಕರೆಯನ್ನು ಮೈಸೂರಿನ ಕಡೆಯವರು ಕೇಳಿದರೆ, ರವಿಕೆಯ ಹಳೆಯ ಹೆಸರೊಂದು ಸಮಾರಂಭದ ಹೆಸರಾದದ್ದು ಹೇಗೆಂದು ಒಂದು ಗಳಿಗೆ ತಬ್ಬಿಬ್ಬಾಗುತ್ತಾರೆ. ಕೊಡಗಿನ ಮದುವೆಯಲ್ಲಿ ಗಂಡಸರು ತೊಡುವ ಕಪ್ಪು ನಿಲುವಂಗಿಯನ್ನು ಕುಪ್ಯ ಎನ್ನುತ್ತಾರೆ. ದಕ್ಷಿಣ ಕನ್ನಡದ ಬ್ಯಾರಿ ಹೆಂಗಸರ ಸಾಂಪ್ರದಾಯಿಕ ಉಡುಪಿನಲ್ಲಿ ಮೇಲಂಗಿಯ ಹೆಸರು ಕುಪ್ಪಾಯ. ತೆಲುಗು ನಾಡಿಗೆ ಹೋದರೆ ಹಾವು ಬಿಡುವ ಪೊರೆಗೆ ಕುಬುಸಂ ಎಂಬ ಹೆಸರಿದೆ.

ಇವು ಬೇರೆ ಬೇರೆ ಪದಗಳೇ, ಇಲ್ಲವೇ ಒಂದೇ ಪದದ ಹಲವು ಮುಖಗಳೇ ಎಂಬುದನ್ನು ಊಹೆಯಿಂದಲ್ಲದೆ ಪರೀಕ್ಷೆಯಿಂದ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ಕುಪ್ಪಸವನ್ನೇ ಉದಾಹರಣೆಯಾಗಿಟ್ಟುಕೊಂಡು ವಿವರಿಸಿದ್ದೇನೆ. ಮನೆಯ ಹಿರಿಯರ ಬಾಯಲ್ಲಿ ಕೇಳಿದ ದಟ್ಟಿ, ಕುಲಾವಿ, ಕುಂಚಿಗೆ ಮುಂತಾದ ಹೆಸರುಗಳ ಬೆನ್ನು ಹತ್ತಬೇಕೆನ್ನುವವರಿಗೂ ಇದೇ ದಾರಿ ಒದಗುತ್ತದೆ.

ಮೊದಲು ಕಿವಿ, ಆಮೇಲೆ ನಿಘಂಟು

ಪದವೊಂದು ಕೈಗೆ ಸಿಕ್ಕ ಕೂಡಲೇ ನಿಘಂಟನ್ನು ತೆರೆಯುವುದು ಸಹಜ, ಆದರೆ ಅದನ್ನು ಒಂದೆರಡು ವಾರ ಮುಂದೂಡುವುದು ಒಳ್ಳೆಯದು. ನಿಘಂಟಿನ ಅರ್ಥವನ್ನು ಒಮ್ಮೆ ಓದಿಕೊಂಡರೆ, ಆಮೇಲೆ ಜನರ ಮಾತಿನಲ್ಲಿ ನಮಗೆ ಕೇಳಿಸುವುದು ಅದೊಂದೇ ಅರ್ಥ. ಮೊದಲು ಆ ಪದ ಯಾವ ಯಾವ ರೂಪದಲ್ಲಿ, ಯಾವ ಊರಿನಲ್ಲಿ, ಯಾರ ಬಾಯಲ್ಲಿದೆ ಎಂಬುದನ್ನು ಕೇಳಿಸಿಕೊಂಡ ಹಾಗೆಯೇ ಬರೆದಿಟ್ಟುಕೊಳ್ಳಬೇಕು. ಕುಪ್ಪಸ, ಕುಬಸ, ಕುಬುಸ ಇವುಗಳಲ್ಲಿ ಒಂದು ಶುದ್ಧ, ಉಳಿದವು ಅಶುದ್ಧ ಎಂದು ತಿದ್ದಿ ಬರೆದುಕೊಂಡರೆ, ಜಾಡು ಹಿಡಿಯಲು ಇರುವ ಹೆಜ್ಜೆಗುರುತುಗಳನ್ನು ನಾವೇ ಅಳಿಸಿದಂತೆ. ಒಂದೊಂದು ರೂಪಕ್ಕೂ ಒಂದೊಂದು ಚೀಟಿ ಇಟ್ಟುಕೊಂಡು, ಅದರಲ್ಲಿ ಆ ರೂಪ, ಊರು, ತೊಡುವವರು, ಅದರೊಂದಿಗೆ ಬರುವ ಕ್ರಿಯಾಪದ ಮತ್ತು ಬಟ್ಟೆಯ ಬಗೆ ಈ ಐದನ್ನು ದಾಖಲಿಸಿದರೆ ಸಾಕು.

ಕೇಳುವ ಪ್ರಶ್ನೆಯಲ್ಲಿಯೂ ಎಚ್ಚರ ಬೇಕು. ಬಾದಾಮಿಯ ಕಡೆಯ ಹಿರಿಯ ಹೆಂಗಸೊಬ್ಬರನ್ನು ನಾನು "ಕುಬಸ ಅಂದರೆ ಏನು" ಎಂದು ಕೇಳಿದಾಗ ಅವರು ಮುಖ ನೋಡಿ, "ಕುಬಸ ಅಂದ್ರ ಕುಬಸ" ಎಂದು ಮಾತು ಮುಗಿಸಿದ್ದರು. ಪ್ರಶ್ನೆಯನ್ನು ಬದಲಿಸಿ, "ನಿಮ್ಮ ಕಾಲದಾಗ ಅದನ್ನ ಹೆಂಗ ಹೊಲೀತಿದ್ರು, ಹೆಂಗ ತೊಡತಿದ್ರು" ಎಂದು ಕೇಳಿದ್ದೇ ತಡ, ಅವರು ಎದ್ದು ಹೋಗಿ ಟ್ರಂಕಿನಿಂದ ಎರಡನ್ನು ತಂದು ಹಾಸಿಗೆಯ ಮೇಲೆ ಹರಡಿದರು. ಒಂದು ಹೊಲಿಯದೆ ಮುಕ್ಕೋನವಾಗಿ ಮಡಚಿಟ್ಟ ಗುಳೇದಗುಡ್ಡದ ಕಣ, ಇನ್ನೊಂದು ಅಂಥದೇ ಕಣದಲ್ಲಿ ಹೊಲಿದ ಕುಬಸ. ಹೊಲಿದದ್ದರಲ್ಲಿ ಗುಂಡಿಯಾಗಲಿ ಕೊಕ್ಕೆಯಾಗಲಿ ಇರಲಿಲ್ಲ. ಮುಂಭಾಗದ ಎರಡು ತುದಿಗಳನ್ನು ಎದೆಯ ಕೆಳಗೆ ತಂದು ಗಂಟು ಹಾಕಬೇಕು. ಕಣದ ಅಂಚಿನ ದಡಿಯನ್ನು ಪೋಲು ಮಾಡದೆ ತೋಳಿನ ಕೊನೆಗೆ ಬರುವಂತೆ ಕತ್ತರಿಸಲಾಗಿತ್ತು, ಮತ್ತು ಆ ತೋಳು ಸರಿಯಾಗಿ ಮೊಣಕೈಯ ಮೇಲೆ ನಿಲ್ಲುತ್ತಿತ್ತು. ತೋಳಿನ ಈ ಅಳತೆಯನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅವರ ಮಾತಿನಿಂದ ತಿಳಿದುಬಂದ ಇನ್ನೊಂದು ಸಂಗತಿಯೆಂದರೆ, ಹೊಲಿದದ್ದೂ ಅವರಿಗೆ ಕುಬಸ, ಹೊಲಿಯದ ತುಂಡೂ ಕೆಲವೊಮ್ಮೆ ಕುಬಸ. "ಸೀರೀ ಕುಬಸ ಕೊಟ್ಟು ಕಳಿಸಿದ್ರು" ಎಂದಾಗ ಕೊಟ್ಟದ್ದು ಬಟ್ಟೆಯ ತುಂಡು. ಉಡುಪಿನ ಹೆಸರು ಉಡುಪಿನಲ್ಲಿಯೇ ನಿಲ್ಲದೆ ಆ ಉಡುಪಿಗೆ ಬೇಕಾದ ಬಟ್ಟೆಗೂ ಅಂಟಿಕೊಂಡಿದೆ ಎಂಬ ಈ ಸುಳಿವು ಯಾವ ನಿಘಂಟಿನಲ್ಲಿಯೂ ಇಷ್ಟು ಬೇಗ ಸಿಗಲಾರದು.

ನಿಘಂಟನ್ನು ಓದುವ ಬಗೆ

ಇಷ್ಟಾದ ಮೇಲೆ ನಿಘಂಟುಗಳಿಗೆ ಬರಬಹುದು. ಕನ್ನಡಕ್ಕೆ ಎರಡನ್ನು ಒಟ್ಟಿಗೆ ನೋಡುವುದು ವಾಡಿಕೆ: 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಕಿಟೆಲ್ಲರು ನೆರೆಯ ಭಾಷೆಗಳ ರೂಪಗಳನ್ನು ಜೊತೆಗಿಡುತ್ತಾರೆ. ಪರಿಷತ್ತಿನ ನಿಘಂಟು ಶಾಸನ ಮತ್ತು ಕಾವ್ಯಗಳ ಪ್ರಯೋಗಗಳನ್ನು ಕೊಡುತ್ತದೆ. ಇವುಗಳಲ್ಲಿ ಅರ್ಥಗಳಿಗೆ ಹಾಕಿದ ಕ್ರಮಸಂಖ್ಯೆಯನ್ನು ಕಾಲಕ್ರಮವೆಂದು ತಿಳಿಯಬಾರದು. ಮೊದಲನೆಯ ಅರ್ಥವೇ ಅತ್ಯಂತ ಹಳೆಯದು ಎಂಬ ನಿಯಮ ನಿಘಂಟಿನಲ್ಲಿಲ್ಲ. ಹಳತನ್ನು ಹೇಳುವುದು ಉದಾಹರಿಸಿದ ಪ್ರಯೋಗದ ಕಾಲ ಮಾತ್ರ.

ನೆರೆಯ ಭಾಷೆಗಳಿಗೆ ಬ್ರೌನರ ತೆಲುಗು ನಿಘಂಟು, 1872ರ ಗುಂಡರ್ಟರ ಮಲಯಾಳಂ ನಿಘಂಟು, ಮದರಾಸು ವಿಶ್ವವಿದ್ಯಾಲಯದ ತಮಿಳು ಲೆಕ್ಸಿಕನ್ ಇವೆ. ಆಯಾ ಲಿಪಿ ಬಾರದವರೂ ಅಕ್ಷರ ಕೂಡಿಸಿ ಓದುವಷ್ಟು ಕಲಿತುಕೊಂಡರೆ ಈ ಕೆಲಸಕ್ಕೆ ಸಾಕು, ಒಂದು ಬೇಸಿಗೆ ರಜೆಯಲ್ಲಿ ಅದು ಆಗುವಂಥದ್ದು.

ಕುಪ್ಪಸವು ಸಂಸ್ಕೃತದ ಕೂರ್ಪಾಸ ಎಂಬುದರ ತದ್ಭವವೆಂದು ಪಂಡಿತರು ಹೇಳುತ್ತಾರೆ. ಆಗ ಓದುಗರು ಸಹಜವಾಗಿ ಅಮರಕೋಶಕ್ಕೆ ಹೋಗುತ್ತಾರೆ, ಅಲ್ಲಿ "ಚೋಲಃ ಕೂರ್ಪಾಸಕೋಽಸ್ತ್ರಿಯಾಂ" ಎಂಬ ಮಾತು ಸಿಗುತ್ತದೆ. ಅಸ್ತ್ರಿಯಾಂ ಎಂಬುದನ್ನು ಕಂಡು, ಕೂರ್ಪಾಸವನ್ನು ಹೆಂಗಸರು ತೊಡುತ್ತಿರಲಿಲ್ಲ ಎಂದು ಅರ್ಥಮಾಡಿಕೊಂಡರೆ ಕೆಲಸ ಕೆಟ್ಟಿತು. ಅದು ವ್ಯಾಕರಣದ ಸೂಚನೆ: ಆ ಶಬ್ದ ಸ್ತ್ರೀಲಿಂಗದಲ್ಲಿ ಬರುವುದಿಲ್ಲ, ಪುಲ್ಲಿಂಗ ನಪುಂಸಕಲಿಂಗಗಳಲ್ಲಿ ಬರುತ್ತದೆ ಎಂದಷ್ಟೇ ಅದರ ತಾತ್ಪರ್ಯ. ಶಬ್ದದ ಲಿಂಗ ಬೇರೆ, ಉಡುಪು ತೊಟ್ಟವರ ಲಿಂಗ ಬೇರೆ. ಅಮರಕೋಶದಿಂದ ನಮಗೆ ನಿಜವಾಗಿ ದೊರಕುವುದು ಚೋಲ ಎಂಬ ಜೊತೆಗಾರ ಪದ. ಇಂದಿಗೂ ಉತ್ತರದ ಭಾಷೆಗಳಲ್ಲಿ ರವಿಕೆಗೆ ಚೋಳಿ, ಚೋಲಿ ಎನ್ನುತ್ತಾರಲ್ಲವೇ.

ಧ್ವನಿಯ ಪರೀಕ್ಷೆ

ಎರಡು ಪದಗಳು ಕೇಳಲು ಹತ್ತಿರವಾಗಿವೆ ಎಂಬುದು ನಂಟಿಗೆ ಸಾಕ್ಷಿಯಲ್ಲ. ಒಂದು ಧ್ವನಿ ಇನ್ನೊಂದಾಗಿ ಬದಲಾದದ್ದು ಬೇರೆ ಪದಗಳಲ್ಲಿಯೂ ಅದೇ ಬಗೆಯಲ್ಲಿ ನಡೆದಿದೆಯೇ ಎಂದು ನೋಡಬೇಕು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ತದ್ಭವಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟದ್ದು ಈ ಕಾರಣಕ್ಕೆ: ಬದಲಾವಣೆಗೂ ಒಂದು ಕ್ರಮವಿರುತ್ತದೆ.

ಕೂರ್ಪಾಸವನ್ನು ಈ ಒರೆಗೆ ಹಚ್ಚೋಣ. ಮೊದಲನೆಯದು ರ್ಪ ಎಂಬ ಒತ್ತಕ್ಷರ ಪ್ಪ ಆಗುವುದು. ಕರ್ಪೂರ ಎಂಬುದು ಕಪ್ಪುರವಾಯಿತು. ಬಟ್ಟೆ ಎಂಬ ಅರ್ಥದ ಕರ್ಪಟ ಎಂಬುದು ಕಪ್ಪಡವಾಯಿತು, ಅದರ ಉತ್ತರದ ಕವಲೇ ಹಿಂದಿಯ ಕಪಡಾ. ಸರ್ಪ ಎಂಬುದು ಪ್ರಾಕೃತದಲ್ಲಿ ಸಪ್ಪ. ಎರಡನೆಯದು, ಒತ್ತಕ್ಷರದ ಹಿಂದಿನ ದೀರ್ಘಸ್ವರ ಹ್ರಸ್ವವಾಗುವುದು. ಕಾರ್ಯ ಎಂಬುದು ಕಜ್ಜವಾದಾಗ ಕಾ ಎಂಬುದು ಕ ಆದಂತೆ, ಕೂ ಎಂಬುದು ಇಲ್ಲಿ ಕು ಆಗಿದೆ. ಇಷ್ಟರಿಂದ ಪ್ರಾಕೃತದ ಕುಪ್ಪಾಸ ಎಂಬ ರೂಪ ಬಂತು. ಮೂರನೆಯದು, ನಡುವಿನ ಪಾ ಎಂಬುದು ಕನ್ನಡದಲ್ಲಿ ಪ ಆಗಿ ಕುಪ್ಪಸವಾಗುವುದು. ಕರ್ಪೂರದ ಪೂ ಎಂಬುದು ಕಪ್ಪುರದಲ್ಲಿ ಪು ಆದದ್ದೂ ಇದೇ ಬಗೆಯದು. ಮೂರು ಮೆಟ್ಟಿಲಿಗೂ ಬೇರೆ ಪದಗಳ ಬೆಂಬಲವಿರುವುದರಿಂದ ಕೂರ್ಪಾಸ, ಕುಪ್ಪಾಸ, ಕುಪ್ಪಸ ಎಂಬ ಸಾಲನ್ನು ನೆಚ್ಚಬಹುದು.

ತಮಿಳು ಮತ್ತು ಮಲಯಾಳಂಗಳಲ್ಲಿರುವ ಕುಪ್ಪಾಯಂ ಮೊದಲ ನೋಟಕ್ಕೆ ಬೇರೆಯೇ ಪದದಂತೆ ಕಾಣುತ್ತದೆ, ಸಕಾರದ ಜಾಗದಲ್ಲಿ ಯಕಾರ ಬಂದಿರುವುದರಿಂದ. ಆದರೆ ತಮಿಳಿನಲ್ಲಿ ಆಕಾಶ ಎಂಬುದಕ್ಕೆ ಆಕಾಯಂ ಎಂಬ ರೂಪವಿರುವುದನ್ನು ನೆನೆದರೆ ಈ ಬದಲಾವಣೆ ಅಲ್ಲಿಯ ಮಣ್ಣಿನದೇ ಎಂದು ತಿಳಿಯುತ್ತದೆ. ಬ್ಯಾರಿ ಭಾಷೆಯ ಕುಪ್ಪಾಯ ಈ ಕವಲಿನದು. ಕೊಡವರ ಭಾಷೆಯಾದ ಕೊಡವ ತಕ್ಕ್ ನಡುವಿನ ಸ್ವರಗಳನ್ನು ನುಂಗಿ ಪದವನ್ನು ಮೊಟಕುಗೊಳಿಸುವುದರಿಂದ ಅಲ್ಲಿ ಅದು ಕುಪ್ಯವಾಗಿ ನಿಂತಿದೆ. ಹಾಗಾಗಿ ಕರ್ನಾಟಕದೊಳಗೇ ಒಂದು ಪದ ಎರಡು ದಾರಿಯಿಂದ ಬಂದು ಇಳಿದುಕೊಂಡಿದೆ: ಬಯಲುಸೀಮೆಯಲ್ಲಿ ಸಕಾರ ಉಳಿಸಿಕೊಂಡ ಕುಪ್ಪಸ, ಪಶ್ಚಿಮದ ಕರಾವಳಿ ಮತ್ತು ಕೊಡಗಿನಲ್ಲಿ ಯಕಾರದ ಕುಪ್ಪಾಯ, ಕುಪ್ಯ.

ಕುಬಸ ಎಂಬ ರೂಪಕ್ಕೆ ಬಂದರೆ ಸಾಕ್ಷಿ ಅಷ್ಟು ಗಟ್ಟಿಯಲ್ಲ. ಇಮ್ಮಡಿ ಪಕಾರ ಸಡಿಲಗೊಂಡು ಒಂದೇ ಬಕಾರವಾಗುವುದಕ್ಕೆ ಕಪ್ಪುರದಂಥ ಸಾಲುಸಾಲು ಉದಾಹರಣೆಗಳನ್ನು ಕೊಡಲಾಗದು. ಇಂಥ ಕಡೆ ಧ್ವನಿ ಬಿಟ್ಟ ಜಾಗವನ್ನು ಅರ್ಥದಿಂದ ತುಂಬಿಸಿಕೊಳ್ಳಬೇಕು. ಒಂದೇ ಉಡುಪಿಗೆ ಒಂದು ಸೀಮೆಯಲ್ಲಿ ಕುಪ್ಪಸ, ಮುಂದಿನ ಸೀಮೆಯಲ್ಲಿ ಕುಬಸ ಎಂಬ ಬಳಕೆ ಇದೆ. ತೆಲುಗಿನಲ್ಲಿಯೂ ಕುಪ್ಪಸಮು, ಕುಬುಸಮು ಎಂಬ ಜೋಡಿ ಇದೆ. ಎರಡು ಭಾಷೆಗಳಲ್ಲಿ ಇದೇ ಜೋಡಿ ಕಾಣುವುದರಿಂದ ನಂಟನ್ನು ಒಪ್ಪಬಹುದು, ಆದರೆ ಚೀಟಿಯಲ್ಲಿ ಅದಕ್ಕೆ ಬೇರೆ ಬಣ್ಣದ ಗುರುತು ಹಾಕಿಡುವುದು ಪ್ರಾಮಾಣಿಕತೆ.

ಹುಸಿ ನೆಂಟರು

ಕುಪ್ಪಸದ ವಿಷಯದಲ್ಲಿ ನಾನೇ ಒಮ್ಮೆ ಜಾರಿಬಿದ್ದಿದ್ದೇನೆ. ಕುಚ ಎಂಬ ಪದಕ್ಕೂ ಕುಪ್ಪಸಕ್ಕೂ ಸಂಬಂಧವಿದೆಯೆಂದು, ಮೊದಲ ಅಕ್ಷರದ ಹೋಲಿಕೆ ಮತ್ತು ಈಗಿನ ಉಡುಪಿನ ಸ್ಥಾನ ಇವೆರಡನ್ನೇ ನಂಬಿ, ಸಣ್ಣ ಪತ್ರಿಕೆಯೊಂದಕ್ಕೆ ಬಹಳ ಧೈರ್ಯದಿಂದ ಬರೆದು ಕಳಿಸಿದ್ದೆ. ಅವರೂ ಅದನ್ನು ತಿದ್ದದೆ ಅಚ್ಚು ಹಾಕಿದರು. ಆ ಊಹೆ ಎರಡು ಕಡೆ ಮುರಿಯುತ್ತದೆ. ಚಕಾರ ಎಲ್ಲಿ ಹೋಯಿತು, ಪ್ಪ ಎಲ್ಲಿಂದ ಬಂತು ಎಂಬುದಕ್ಕೆ ಉತ್ತರವಿಲ್ಲ. ಹಳೆಯ ಪ್ರಯೋಗಗಳಲ್ಲಿ ಇದನ್ನು ಗಂಡಸರೂ ತೊಡುತ್ತಾರೆ. ಈಗಿನ ಉಡುಪಿನ ಆಕಾರವನ್ನು ನೋಡಿ ಹಳೆಯ ಪದವನ್ನು ಒಡೆಯಲು ಹೊರಡುವುದು ಈ ಕೆಲಸದಲ್ಲಿ ಎಲ್ಲರೂ ಮಾಡುವ ಮೊದಲ ತಪ್ಪು.

ಇನ್ನೊಂದು ಹುಸಿ ನೆಂಟ ಹೆಚ್ಚು ಮೋಸ ಮಾಡುವಂಥದ್ದು. ಹತ್ತಿಗೆ ಸಂಸ್ಕೃತದಲ್ಲಿ ಕರ್ಪಾಸ, ಕಾರ್ಪಾಸ ಎನ್ನುತ್ತಾರೆ. ಹಿಂದಿಯ ಕಪಾಸ್ ಅದರಿಂದ ಬಂದದ್ದು. ಕೂರ್ಪಾಸಕ್ಕೂ ಕಾರ್ಪಾಸಕ್ಕೂ ವ್ಯತ್ಯಾಸ ಒಂದೇ ಸ್ವರದ್ದು, ಬಟ್ಟೆಯ ಮಾತು ಎರಡರಲ್ಲಿಯೂ ಇದೆ. ಆದರೂ ಕಾ ಎಂಬುದು ಕೂ ಆಗುವುದಕ್ಕೆ ದಾರಿಯಿಲ್ಲ. ಎರಡು ಪದಗಳೂ ಸಂಸ್ಕೃತದಲ್ಲಿ ಬೇರೆ ಬೇರೆಯಾಗಿ, ಬೇರೆ ಅರ್ಥದಲ್ಲಿ ಬಳಕೆಯಲ್ಲಿವೆ. ಅರ್ಥ ಹತ್ತಿರವಿದ್ದಾಗ ಧ್ವನಿಯ ಪರೀಕ್ಷೆಯನ್ನು ಸಡಿಲಗೊಳಿಸುವುದಲ್ಲ, ಇನ್ನಷ್ಟು ಬಿಗಿಗೊಳಿಸಬೇಕು. ಕುಬಸದ ಕಣಕ್ಕೂ ಸುಗ್ಗಿಯ ಕಣಕ್ಕೂ ಸಂಬಂಧವಿಲ್ಲ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬಹುದು. ಬಟ್ಟೆಯ ಕಣ ಉತ್ತರ ಕರ್ನಾಟಕದಲ್ಲಿ ಖಣ ಎಂದು ಮಹಾಪ್ರಾಣದಲ್ಲಿಯೂ ಕೇಳಿಬರುತ್ತದೆ, ಮರಾಠಿಯಲ್ಲಿಯೂ ಅದು ಖಣವೇ.

ಕ್ರಿಯಾಪದವನ್ನು ನೋಡಿ, ತೊಟ್ಟವರನ್ನು ನೋಡಿ

ಹಳೆಯ ವಾಕ್ಯದಲ್ಲಿ ಉಡುಪಿನ ಹೆಸರು ಸಿಕ್ಕಾಗ ಅದರ ಆಕಾರವನ್ನು ತಿಳಿಯಲು ಅತ್ಯುತ್ತಮ ಸಾಧನ ಅದರೊಂದಿಗೆ ಬರುವ ಕ್ರಿಯಾಪದ. ಈ ವಿಷಯದಲ್ಲಿ ಕನ್ನಡ ಬಹಳ ಕಟ್ಟುನಿಟ್ಟಾದ ಭಾಷೆ. ಸೀರೆ, ಪಂಚೆಗಳನ್ನು ಉಡುತ್ತೇವೆ, ಅಂಗಿ, ಕುಪ್ಪಸ, ಬಳೆಗಳನ್ನು ತೊಡುತ್ತೇವೆ, ಶಾಲು, ಕಂಬಳಿಗಳನ್ನು ಹೊದೆಯುತ್ತೇವೆ, ರುಮಾಲನ್ನು ಸುತ್ತುತ್ತೇವೆ. ಸೀರೆ ತೊಟ್ಟಳು ಎಂದು ಈಗಿನ ಜಾಹೀರಾತುಗಳು ಬರೆಯುವುದುಂಟು, ಆದರೆ ಕಿವಿಯುಳ್ಳವರಿಗೆ ಅದು ಚುಚ್ಚುತ್ತದೆ. ಆದ್ದರಿಂದ ಹಳಗನ್ನಡದ ಪಠ್ಯದಲ್ಲಿ ಅಪರಿಚಿತ ಉಡುಪಿನ ಹೆಸರಿನ ಮುಂದೆ ಉಟ್ಟು ಎಂದಿದ್ದರೆ ಅದು ಸೊಂಟಕ್ಕೆ ಸುತ್ತುವ ಬಟ್ಟೆ, ತೊಟ್ಟು ಎಂದಿದ್ದರೆ ಅವಯವವನ್ನು ಒಳಗೆ ತೂರಿಸುವಂಥದ್ದು ಎಂದು ಬಹುಮಟ್ಟಿಗೆ ನಿರ್ಧರಿಸಬಹುದು.

ಈ ಒರೆಗಲ್ಲನ್ನು ಬಳಸಲು ತೆಲುಗಿನ ಒಂದು ಚಾಟುಪದ್ಯ (ಬಾಯಿಂದ ಬಾಯಿಗೆ ಬಂದ ಬಿಡಿಪದ್ಯ) ಅಪರೂಪದ ಅವಕಾಶ ಕೊಡುತ್ತದೆ. ಹದಿನೈದನೆಯ ಶತಮಾನದ ಕವಿ ಶ್ರೀನಾಥ ವಿಜಯನಗರದ ಇಮ್ಮಡಿ ದೇವರಾಯನ ಆಸ್ಥಾನದಲ್ಲಿ ದರ್ಶನಕ್ಕೆ ಕಾದು ಬೇಸತ್ತು ಹಾಡಿದ್ದೆಂದು ಹೇಳುವ ಆ ಪದ್ಯ "ಕುಲ್ಲಾಯುಂಚಿತಿ ಕೋಕ ಸುಟ್ಟಿತಿ ಮಹಾಕೂರ್ಪಾಸಮುಂ ದೊಡ್ಗಿತಿನ್" ಎಂದು ಮೊದಲಾಗುತ್ತದೆ. ಕುಲ್ಲಾಯಿ ಇಟ್ಟೆ, ಕೋಕ ಸುತ್ತಿದೆ, ಮಹಾಕೂರ್ಪಾಸವನ್ನೂ ತೊಟ್ಟೆ ಎಂದು ತನಗೆ ಒಗ್ಗದ ದರಬಾರಿನ ವೇಷವನ್ನು ಒಂದೊಂದಾಗಿ ಎಣಿಸಿ, ಬೆಳ್ಳುಳ್ಳಿ, ಅಂಬಲಿಗಳ ಊಟವನ್ನೂ ದೂರಿ, ಕೊನೆಗೆ ತಾಯೀ ಕನ್ನಡ ರಾಜ್ಯಲಕ್ಷ್ಮಿ, ದಯೆಯಿಲ್ಲವೇ, ನಾನು ಶ್ರೀನಾಥ ಎಂದು ಅವನು ಅಂಗಲಾಚುತ್ತಾನೆ.

ಒಂದೇ ಸಾಲಿನಲ್ಲಿ ಮೂರು ಉಡುಪು, ಮೂರು ಕ್ರಿಯಾಪದ. ಟೊಪ್ಪಿಗೆಗೆ ಇಡುವುದು, ಕೋಕಕ್ಕೆ ಸುತ್ತುವುದು, ಕೂರ್ಪಾಸಕ್ಕೆ ಕನ್ನಡದ ತೊಡು ಧಾತುವಿನ ಒಡಹುಟ್ಟಾದ ತೊಡುಗು. ಅಂದಮೇಲೆ ಆ ಮಹಾಕೂರ್ಪಾಸ ತೋಳು ತೂರಿಸಿ ತೊಡುವ ಉದ್ದನೆಯ ದರಬಾರಿ ಅಂಗಿಯೇ ಆಗಿರಬೇಕು. ಮಹಾ ಎಂಬ ವಿಶೇಷಣವೇ, ಸಾಧಾರಣ ಅಳತೆಯ ಕೂರ್ಪಾಸ ಇದಕ್ಕಿಂತ ಚಿಕ್ಕದು ಎಂಬುದನ್ನೂ ಹೇಳುತ್ತದೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಇಂದಿನ ತೆಲುಗಿನಲ್ಲಿ ಕೋಕ ಎಂದರೆ ಹೆಂಗಸರ ಸೀರೆ, ಇಂದಿನ ಕನ್ನಡದಲ್ಲಿ ಕುಪ್ಪಸ ಎಂದರೆ ಹೆಂಗಸರ ರವಿಕೆ. ಕನ್ನಡ ರಾಜ್ಯದ ಓಲಗದಲ್ಲಿ ಒಬ್ಬ ಗಂಡು ಕವಿ ಕೋಕ ಸುತ್ತಿ ಕೂರ್ಪಾಸ ತೊಟ್ಟು ನಿಂತದ್ದು ಯಾರಿಗೂ ವಿಚಿತ್ರವಾಗಿ ಕಾಣಲಿಲ್ಲ, ಅವನೊಬ್ಬನಿಗೆ ಮಾತ್ರ ಅದು ಹಿಂಸೆಯಾಗಿತ್ತು.

ಹಾಗಾದರೆ ಇದು ಮೊದಲು ಗಂಡಸರ ಉಡುಪಾಗಿದ್ದು ಆಮೇಲೆ ಹೆಂಗಸರಿಗೆ ದಾಟಿತು ಎಂದು ಬರೆದುಬಿಡಬಹುದೇ? ಅವಸರ ಬೇಡ. ಏಳನೆಯ ಶತಮಾನದ ಬಾಣಭಟ್ಟ ಹರ್ಷಚರಿತದಲ್ಲಿ ದಂಡಯಾತ್ರೆಗೆ ನೆರೆದ ಅರಸರನ್ನು ವರ್ಣಿಸುವಾಗ ಕಂಚುಕ, ವಾರಬಾಣ, ಚೀನಚೋಲಕ ಎಂಬ ಮೇಲಂಗಿಗಳ ಜೊತೆಗೆ ಬಣ್ಣಬಣ್ಣದ ಕೂರ್ಪಾಸಕಗಳನ್ನೂ ಹೆಸರಿಸುತ್ತಾನೆ, ನಿಜ. ಆದರೆ ಕಾಳಿದಾಸನದೆಂದು ಹೇಳಲಾಗುವ ಋತುಸಂಹಾರದಲ್ಲಿ ಚಳಿಗಾಲದ ವರ್ಣನೆಯಲ್ಲಿ ಎದೆಗೆ ಬಿಗಿಯಾದ ಚೆಲುವಾದ ಕೂರ್ಪಾಸಕ ತೊಟ್ಟವರು ಹೆಂಗಸರು. ಹಳೆಯ ಕಾಲದಲ್ಲಿಯೇ ಅದನ್ನು ಇಬ್ಬರೂ ತೊಡುತ್ತಿದ್ದರು. ಮೈಗೆ ಅಂಟಿಕೊಂಡಂತೆ ಹೊಲಿದ ಗಿಡ್ಡ ಮೇಲುಡುಪು ಎಂಬುದು ಪದದ ಹುರುಳು. ಯಾರ ಮೈಗೆ ಎಂಬುದನ್ನು ಒಂದೊಂದು ನಾಡು ಒಂದೊಂದು ಬಗೆಯಲ್ಲಿ ಆಮೇಲೆ ನಿರ್ಧರಿಸಿಕೊಂಡಿತು. ಬಯಲುಸೀಮೆ ಹೆಂಗಸರಿಗೆ ಮೀಸಲಿಟ್ಟಿತು. ಕೊಡಗು ಗಂಡಸರಿಗೆ ಉಳಿಸಿತು. ಅಲ್ಲಿ ಕಪ್ಪು ಕುಪ್ಯದ ಮೇಲೆ ಕೆಂಪು ರೇಷ್ಮೆಯ ಚೇಲೆ ಬಿಗಿದು ಅದಕ್ಕೆ ಪೀಚೆಕತ್ತಿ ಸಿಗಿಸುವುದು ಹಬ್ಬ ಮದುವೆಗಳ ಪೂರ್ಣ ವೇಷ, ಮದುಮಗನಿಗೆ ಬಿಳಿಯ ಕುಪ್ಯ. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಪಾದ್ರಿಗಳು ಪೂಜೆಗೆ ತೊಡುವ ವಸ್ತ್ರಕ್ಕೂ ಕುಪ್ಪಾಯಂ ಎಂದೇ ಹೆಸರು.

ಅಕ್ಕಪಕ್ಕದ ಪದಗಳೂ ಸರಿದಾಡಿರುತ್ತವೆ ಎಂಬುದನ್ನು ಮರೆಯಬಾರದು. ಬಸವಣ್ಣನವರು "ಹೊನ್ನಿನೊಳಗೊಂದೊರೆಯ ಸೀರೆಯೊಳಗೊಂದೆಳೆಯ" ಎಂದಾಗ ಸೀರೆ ಎಂದರೆ ಹೆಂಗಸರು ಉಡುವ ಈಗಿನ ಸೀರೆಯಲ್ಲ, ಬಟ್ಟೆ ಎಂದಷ್ಟೇ. ಹಳೆಯ ಪಠ್ಯದಲ್ಲಿ ಸೀರೆ, ಕುಪ್ಪಸ ಎರಡೂ ಒಟ್ಟಿಗೆ ಕಂಡ ಮಾತ್ರಕ್ಕೆ ಅಲ್ಲಿರುವುದು ಹೆಣ್ಣು ಎಂದು ತೀರ್ಮಾನಿಸಿದರೆ ಎಡವಟ್ಟಾಗುತ್ತದೆ.

ಶಿಲ್ಪ ಮತ್ತು ಭಿತ್ತಿಚಿತ್ರಗಳನ್ನು ಸಾಕ್ಷಿಯಾಗಿ ಬಳಸುವವರಿಗೆ ಒಂದೇ ಮಾತು. ಚಿತ್ರ ಉಡುಪನ್ನು ತೋರಿಸುತ್ತದೆ, ಅದರ ಹೆಸರನ್ನು ಹೇಳುವುದಿಲ್ಲ. ಲೇಪಾಕ್ಷಿಯ ಗೋಡೆಯ ಮೇಲಿನ ರವಿಕೆಯನ್ನು ಆಗಿನವರು ಕುಪ್ಪಸವೆಂದೇ ಕರೆದರೆಂದು ಆ ಚಿತ್ರವೊಂದರಿಂದಲೇ ಹೇಳಲಾಗದು.

ಅರ್ಥ ಕವಲೊಡೆದ ಜಾಗಗಳನ್ನು ಗುರುತಿಸುವುದು

ಇಷ್ಟು ಹೊತ್ತಿಗೆ ಕೈಯಲ್ಲಿ ಹತ್ತಾರು ಚೀಟಿಗಳಿರುತ್ತವೆ. ಅವನ್ನು ಮೇಜಿನ ಮೇಲೆ ಹರಡಿ, ಒಂದು ಅರ್ಥದಿಂದ ಇನ್ನೊಂದಕ್ಕೆ ಹೋಗಲು ಒಂದೇ ಹೆಜ್ಜೆ ಸಾಕೇ ಎಂದು ನೋಡುತ್ತಾ ಜೋಡಿಸಬೇಕು. ಒಂದು ಹೆಜ್ಜೆಯಲ್ಲಿ ದಾಟಲಾಗದಿದ್ದರೆ ನಡುವೆ ಒಂದು ಚೀಟಿ ಕಡಿಮೆಯಿದೆ ಎಂದರ್ಥ, ಅದನ್ನು ಹುಡುಕಿಕೊಂಡು ಮತ್ತೆ ಊರಿಗೆ ಹೋಗಬೇಕಾಗುತ್ತದೆ.

ಕುಬಸ ಎಂಬ ಸಮಾರಂಭದ ವಿಷಯದಲ್ಲಿ ನನಗೆ ಮೊದಲು ಕಡಿಮೆಯಾಗಿದ್ದದ್ದು ಕಣದ ಚೀಟಿ. ಹೊಲಿದ ರವಿಕೆಯಿಂದ ಬಸುರಿಯ ಶಾಸ್ತ್ರಕ್ಕೆ ಒಮ್ಮೆಲೇ ಹಾರಲಾಗದು. ನಡುವೆ ಬಟ್ಟೆಯ ತುಂಡು ಇದೆ. ಗುಳೇದಗುಡ್ಡದಲ್ಲಿ ಹಾಸಿಗೆ (ಉದ್ದದ ಎಳೆಗೆ) ರೇಷ್ಮೆ, ಹೊಕ್ಕಿಗೆ (ಅಡ್ಡ ಎಳೆಗೆ) ಹತ್ತಿ ಹಾಕಿ ನೇಯುವ ಕಣಕ್ಕೆ ಈಗ ಭೌಗೋಳಿಕ ಸೂಚಿಕೆಯ ಮಾನ್ಯತೆಯಿದೆ. ಆದರೆ ಅದರ ನಿಜವಾದ ಮಾರುಕಟ್ಟೆ ಹಿಂದಿನಿಂದಲೂ ಉಡಿ ತುಂಬುವ ಶಾಸ್ತ್ರವೇ. ಉಡುಪಿನ ಹೆಸರು ಆ ಉಡುಪಿನ ಬಟ್ಟೆಗೆ ಬಂತು, ಆ ಬಟ್ಟೆ ಮುತ್ತೈದೆಯರಿಗೆ ಕೊಡುವ ಉಡುಗೊರೆಯಾಯಿತು, ಉಡುಗೊರೆಗಳಲ್ಲಿ ಅತಿ ಮುಖ್ಯವಾದ ಬಸುರಿಯ ಉಡುಗೊರೆಯಿಂದ ಶಾಸ್ತ್ರಕ್ಕೇ ಆ ಹೆಸರು ನಿಂತಿತು. ಈಗ ಒಂದೊಂದೂ ಒಂದೊಂದು ಹೆಜ್ಜೆ. ಬಳೆ ತೊಡಿಸುವ ಕಾರ್ಯಕ್ಕೆ ಬಳೆಶಾಸ್ತ್ರ ಎಂಬ ಹೆಸರು ಬಂದದ್ದೂ ಹೀಗೆಯೇ, ಅಲ್ಲಿ ಶಾಸ್ತ್ರ ಎಂಬ ಮಾತು ಉಳಿದಿದೆ, ಇಲ್ಲಿ ಅದು ಉದುರಿಹೋಗಿದೆ.

ಒಂದು ಗುಣವನ್ನು ಗಮನಿಸಿ. ಸಮಾರಂಭದ ಅರ್ಥ ಬೇರೂರಿದ ಮೇಲೆ ಉಡುಪಿನ ಅರ್ಥ ಹಿಂದೆ ಸರಿಯುತ್ತದೆ. ಇಂದು ಅದೇ ಸೀಮೆಯ ಹುಡುಗಿಯರು ತೊಡುವುದಕ್ಕೆ ಬ್ಲೌಸು, ಜಂಪರು, ಪೋಲ್ಕಾ ಎನ್ನುತ್ತಾರೆ. ಕುಬಸ ಎಂದರೆ ಅವರಿಗೆ ಮೊದಲು ನೆನಪಾಗುವುದು ಹೋಳಿಗೆ ಊಟ. ಹಳೆಯ ಮೈಸೂರಿನಲ್ಲಿ ರವಿಕೆ ಎಂಬ ಪದ ಗೆದ್ದು, ಕುಪ್ಪಸ ಬರವಣಿಗೆಯ ಮಾತಾಗಿ ಉಳಿಯಿತು.

ಹಾವಿನ ಪೊರೆಯ ಅರ್ಥಕ್ಕೆ ಇಷ್ಟು ದೂರ ನಡೆಯಬೇಕಿಲ್ಲ. ಮೈಗೆ ಅಂಟಿದ್ದ, ಕಳಚಿ ಬಿಸುಡಬಹುದಾದ ತೊಡಿಗೆ ಎಂಬ ಒಂದೇ ಹೋಲಿಕೆ ಸಾಕು. ಸಂಸ್ಕೃತದ ಕಂಚುಕ ಎಂಬ ಪದಕ್ಕೂ ಅಂಗಿ ಮತ್ತು ಹಾವಿನ ಪೊರೆ ಎಂಬ ಎರಡು ಅರ್ಥಗಳಿವೆ. ಹೀಗೆ ಬೇರೊಂದು ಪದವೂ ಅದೇ ಕವಲನ್ನು ತೋರಿಸಿದರೆ ನಮ್ಮ ಜೋಡಣೆಗೆ ಬಲ ಬಂದಂತೆ. ತೆಲುಗಿನಲ್ಲಿ ಉಡುಪು ಹೋಗಿ ಹಾವಿನದಷ್ಟೇ ಆಡುಮಾತಿನಲ್ಲಿ ಗಟ್ಟಿಯಾಗಿ ಉಳಿದಿದೆ. ಕನ್ನಡಕ್ಕೆ ಪೊರೆ ಎಂಬ ಸ್ವಂತ ಮಾತಿದ್ದುದರಿಂದ ಹಾವಿಗೆ ಕುಪ್ಪಸ ಬೇಕಾಗಲಿಲ್ಲ.

ಎಲ್ಲಿ ನಿಲ್ಲಬೇಕು

ಕೂರ್ಪಾಸದಾಚೆಗೆ ಏನಿದೆ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೋಶಗಳ ಟೀಕಾಕಾರರು ಅದನ್ನು ಮೊಣಕೈ ಎಂಬ ಅರ್ಥದ ಕೂರ್ಪರ ಎಂಬ ಪದಕ್ಕೆ ಜೋಡಿಸುತ್ತಾರೆ: ಮೊಣಕೈಯವರೆಗೆ ಬರುವುದು ಕೂರ್ಪಾಸ. ಟ್ರಂಕಿನಿಂದ ಹೊರಬಂದ ಕುಬಸದ ತೋಳು ಮೊಣಕೈಯ ಮೇಲೆ ನಿಂತದ್ದನ್ನು ನೋಡಿದವರಿಗೆ, ಕೊಡವರ ಕುಪ್ಯದ ಅರೆತೋಳಿನ ಕೆಳಗೆ ಒಳಗಿನ ಬಿಳಿ ಅಂಗಿಯ ತೋಳು ಇಣುಕುವುದನ್ನು ಕಂಡವರಿಗೆ ಈ ನಿರುಕ್ತಿ ತಟ್ಟನೆ ಹಿಡಿಸುತ್ತದೆ. ನನಗೂ ಅದು ಇಷ್ಟವೇ. ಆದರೆ ಅದನ್ನು ನಿರುಕ್ತಿ ಎಂದೇ ಬರೆಯಬೇಕು, ಸಿದ್ಧಾಂತ ಎಂದಲ್ಲ. ಕೂರ್ಪರದ ಕೊನೆಯ ರಕಾರ ಹೇಗೆ ಬಿತ್ತು ಎಂಬುದಕ್ಕೆ ಕಪ್ಪುರ, ಕಪ್ಪಡಗಳಂಥ ಸಾಲು ಸಾಕ್ಷಿಗಳನ್ನು ಇಲ್ಲಿ ನಿಲ್ಲಿಸಲಾಗದು. ಉಡುಪಿನ ಅಳತೆಗೆ ಒಪ್ಪುತ್ತದೆ ಎಂಬುದಷ್ಟೇ ಅದರ ಬಲ, ಮತ್ತು ಅಂಥ ಒಪ್ಪಿಗೆಯನ್ನು ನಂಬಿಯೇ ನಾನು ಹಿಂದೊಮ್ಮೆ ಕುಚದ ಗುಂಡಿಗೆ ಬಿದ್ದದ್ದು.

ಕೊನೆಗೆ ಬರೆದಿಡುವಾಗ ಹಳೆಯದರಿಂದ ಹೊಸದಕ್ಕೆ ಬರುವ ಬದಲು, ನೀವು ಕಿವಿಯಾರೆ ಕೇಳಿದ ರೂಪದಿಂದ ತೊಡಗಿ ಹಿಂದಕ್ಕೆ ನಡೆಯಿರಿ. ಕುಬಸದಿಂದ ಕುಪ್ಪಸಕ್ಕೆ, ಅಲ್ಲಿಂದ ಕುಪ್ಪಾಸಕ್ಕೆ, ಅಲ್ಲಿಂದ ಕೂರ್ಪಾಸಕ್ಕೆ ಹೋಗುತ್ತಾ, ಒಂದೊಂದು ಕೊಂಡಿಯ ಪಕ್ಕದಲ್ಲಿಯೂ ಅದಕ್ಕೆ ಆಧಾರ ಧ್ವನಿಯದೋ, ಅರ್ಥದ್ದೋ, ಪ್ರಯೋಗದ್ದೋ ಎಂಬುದನ್ನು ಒಂದು ಮಾತಿನಲ್ಲಿ ನಮೂದಿಸಿ. ಹೀಗೆ ಬರೆದರೆ ನಿಮ್ಮ ಬಳಿಯಿರುವ ಅತ್ಯಂತ ಗಟ್ಟಿ ಸಾಕ್ಷಿ, ಅಂದರೆ ಬದುಕಿರುವವರ ಬಾಯಿಮಾತು, ಮೊದಲಿಗೆ ನಿಲ್ಲುತ್ತದೆ. ಊಹೆಯ ಪಾಲು ಹೆಚ್ಚಿರುವ ಭಾಗ ಕೊನೆಗೆ ಬರುತ್ತದೆ, ಮುಂದಿನವರು ತಿದ್ದಬೇಕಾದರೆ ಆ ತುದಿಯನ್ನಷ್ಟೇ ಬಿಚ್ಚಿದರೆ ಸಾಕಾಗುತ್ತದೆ.

ಕೈ ಪಳಗಿಸಿಕೊಳ್ಳಲು ಇನ್ನೊಂದು ಪದ ಬೇಕೆಂದರೆ ಶ್ರೀನಾಥನ ಸಾಲಿನ ಮೊದಲ ಪದವನ್ನೇ ತೆಗೆದುಕೊಳ್ಳಬಹುದು. ವಿಜಯನಗರದ ಓಲಗದವರು ತಲೆಗೆ ಇಡುತ್ತಿದ್ದ ಆ ಎತ್ತರದ ಕುಲ್ಲಾಯಿ ಪರ್ಶಿಯನ್ನಿನ ಕುಲಾಹ್ ಎಂಬುದರಿಂದ ಬಂದದ್ದು. ಅದೇ ಇಂದು ನಮ್ಮ ಮನೆಗಳಲ್ಲಿ ಎಳೆಯ ಕೂಸಿನ ಕಿವಿ ಮುಚ್ಚುವ ಕುಲಾವಿಯಾಗಿದೆ. ಅರಮನೆಯಿಂದ ತೊಟ್ಟಿಲಿಗೆ ಇಳಿಯುವ ಆ ದಾರಿಯಲ್ಲಿ ಯಾವ ಯಾವ ಚೀಟಿಗಳು ಬೇಕಾಗುತ್ತವೆ ಎಂಬುದನ್ನು ಹುಡುಕಲು ಹತ್ತಿರದ ಬಾಣಂತಿಯ ಮನೆಯಿಂದಲೇ ಹೊರಡಬಹುದು.